ಅನಸೂಯ ಮಾಡಿದ ಕ್ಯಾಸೋವರಿ

ಅನಸೂಯ ನನ್ನ ಜೊತೆ ಆಡಿದ ಮೊದಲ ಮಾತು ನನ್ನ ಮಗಳ ಎತ್ತರದ ಬಗ್ಗೆ.

2022ರ ಆಗಸ್ಟ್. ಸಿಡ್ನಿಯ ಪ್ಯಾರಮಟ್ಟಾದಲ್ಲಿ ನಾವಿರುವ ಕಟ್ಟಡದ ಲಿಫ್ಟಿನಲ್ಲಿ ನಾನು ಗೆಳತಿಯೊಬ್ಬಳ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಹೊತ್ತ ನನ್ನ ಮಗಳು ಲೀಶಾ. ಮೂಲೆಯಲ್ಲಿ ನಿಂತಿದ್ದ ಹೆಂಗಸು ಲೀಶಾಳನ್ನೇ ಕಾಲಿನಿಂದ ತಲೆಯವರೆಗೆ ನೋಡುತ್ತಿದ್ದಳು. ನಾನು ಫೋನ್ ಇಟ್ಟ ಕೂಡಲೇ, “ನಿಮ್ಮ ಮಗಳು ಎಷ್ಟು ಎತ್ತರ ಇದ್ದಾಳ್ರಿ?” ಎಂದು ಕೇಳಿದಳು. ಹೆಸರು ಹೇಳಲಿಲ್ಲ, ಊರು ಕೇಳಲಿಲ್ಲ. ನಾನು ಲೀಶಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳಿಗೆ ಅದು ಗೊತ್ತಾಯಿತು. ತನಗೂ ಇದೇ ವಯಸ್ಸಿನ ಮಗಳಿದ್ದಾಳೆ, ಮೆಲ್ಬರ್ನ್‌ನಲ್ಲಿದ್ದಾಳೆ ಎಂದು ನೆಲ ನೋಡಿಕೊಂಡು ಹೇಳಿ ನಾಲ್ಕನೇ ಮಹಡಿಯಲ್ಲಿ ಇಳಿದುಹೋದಳು.

ಮರುದಿನ ಸಂಜೆ ಅವಳೇ ನಮ್ಮ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಕಂದು ಜಾಕೆಟ್. ಅದರ ಬೆನ್ನಿನ ತುಂಬ ರಟ್ಟಿನ ಸಣ್ಣ ಸಣ್ಣ ಮುಳ್ಳುಗಳನ್ನು ಅಂಟಿಸಿದ್ದಳು. ಎಕಿಡ್ನಾ, ಮಗಳ ಸ್ಕೂಲಿನ ವೇಷಕ್ಕೆ ಎಂದಳು. ಅದು ಇಲ್ಲಿನ ಪ್ರಾಣಿ, ಮುಳ್ಳುಹಂದಿಯ ಕುಳ್ಳ ತಮ್ಮನ ಹಾಗಿರುತ್ತದೆ. ಒಂದು ಸಲ ಲೀಶಾಳಿಗೆ ಹಾಕಿ ನೋಡಬಹುದೇ, ಅಳತೆ ಸರಿಯಿದೆಯೋ ಇಲ್ಲವೋ ತಿಳಿಯಬೇಕಿತ್ತು, ಬೇರೇನೂ ಇಲ್ಲ ಎಂದು ಕೇಳಿದಳು.

ಇಲ್ಲಿ ಪ್ರತಿ ಆಗಸ್ಟಿನಲ್ಲಿ ಸ್ಕೂಲುಗಳಲ್ಲಿ ಬುಕ್ ವೀಕ್ ಬರುತ್ತದೆ. ಒಂದು ದಿನ ಮಕ್ಕಳೆಲ್ಲ ಯಾವುದಾದರೂ ಕಥೆಪುಸ್ತಕದ ಪಾತ್ರದ ವೇಷ ಹಾಕಿಕೊಂಡು ಸ್ಕೂಲಿನ ಅಂಗಳದಲ್ಲಿ ಸಾಲಾಗಿ ನಡೆಯುತ್ತಾರೆ. ಅಪ್ಪ ಅಮ್ಮಂದಿರು ಸುತ್ತ ನಿಂತು ಫೋಟೊ ತೆಗೆಯುತ್ತಾರೆ. ಹಿಂದಿನ ಸಂಜೆ ಪ್ರತಿ ಮನೆಯಲ್ಲೂ ರಟ್ಟು, ಅಂಟು, ಕತ್ತರಿ, ಅಳು. ನಾನು ಏಜ್ಡ್ ಕೇರ್ ನರ್ಸ್, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ; ಗಂಡ ಮೋರಿಸ್ ಬಸ್ ಓಡಿಸುತ್ತಾನೆ. ಇಬ್ಬರದೂ ಶಿಫ್ಟ್ ಕೆಲಸ. ಆ ವರ್ಷ ಲೀಶಾಳಿಗೆ ಅಂಗಡಿಯಿಂದ ಒಂದು ಗೌನ್ ತಂದಿಟ್ಟು ಕೈ ತೊಳೆದುಕೊಂಡಿದ್ದೆ. ಆದರೆ ಎಕಿಡ್ನಾ ಹಾಕಿಕೊಂಡ ಲೀಶಾ ಅದನ್ನು ಬಿಚ್ಚಲು ಒಪ್ಪಲೇ ಇಲ್ಲ. ನೆಲದ ಮೇಲೆ ಉಂಡೆಯಾಗಿ ಸುತ್ತಿಕೊಂಡು ಉರುಳಿದಳು. ಅನಸೂಯ ಸೋಫಾದ ತುದಿಯಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ಟೀ ಕೊಟ್ಟೆ, ಕುಡಿಯಲಿಲ್ಲ. ಅರ್ಧ ಗಂಟೆಯ ಮೇಲೆ ಲೀಶಾಳಿಗೆ ಬಿಸ್ಕತ್ತಿನ ಆಸೆ ತೋರಿಸಿ ಜಾಕೆಟ್ ಬಿಚ್ಚಿಸಿದೆವು. ಅನಸೂಯ ಅದನ್ನು ಮಡಚುವಾಗ ಒಳಗಿನ ಬಟ್ಟೆಗೆ ಮುಖ ಒತ್ತಿಕೊಂಡಳು. ನಾನು ಅಡುಗೆಮನೆಯ ಕಡೆ ತಿರುಗಿಕೊಂಡೆ.

ಅವಳ ಕಥೆ ನನಗೆ ಒಮ್ಮೆಲೇ ತಿಳಿಯಲಿಲ್ಲ. ಎರಡು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಹೇಳಿದಳು.

ಹುಬ್ಬಳ್ಳಿಯವಳು. ತಂದೆ ಬ್ಯಾಂಕಿನಲ್ಲಿದ್ದು ಬೇಗ ತೀರಿಕೊಂಡರು. ತಾಯಿ ವಿದ್ಯಾನಗರದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಿದ್ದರು. ಅಲ್ಲಿನ ಸ್ಕೂಲುಗಳ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತೆಂದರೆ ಮನೆ ತುಂಬ ಕಿನ್ನರಿ, ಮೊಲ, ರಾಜರ ವೇಷಗಳು. ಅನಸೂಯಳಿಗೆ ಮಾತ್ರ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ನೀ ಓದು, ಇದು ನಿನ್ನ ಕೆಲಸಲ್ಲ ಎಂದು ತಾಯಿಯೇ ದೂರ ಇಟ್ಟಿದ್ದರು. ಓದಿದಳು. ಎಂಸಿಎ ಮುಗಿಸಿದಳು, ಬೆಂಗಳೂರಿನ ಶ್ರೀನಾಥ್ ಎಂಬುವನನ್ನು ಮದುವೆಯಾದಳು, 2015ರಲ್ಲಿ ಇಬ್ಬರೂ ಸಿಡ್ನಿಗೆ ಬಂದರು. ಅವನಿಗೆ ಅದೇ ಊರಿನ ನಾರ್ವೆಸ್ಟ್ ಬಡಾವಣೆಯಲ್ಲಿ ಕೆಲಸ, ಅವಳಿಗೆ ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ. 2017ರಲ್ಲಿ ಮಗಳು ಅಭಿಜ್ಞಾ ಹುಟ್ಟಿದಳು. ಮನೆಯಲ್ಲಿ ಅಭಿ.

2021ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ತಾಯಿಗೆ ಕೋವಿಡ್ ಬಂತು. ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು. ಹೊರಗೆ ಹೋಗಲು ಪರ್ಮಿಷನ್ ಬೇಕು, ಹೋದರೆ ವಾಪಸ್ ಬರುವ ದಾರಿ ಇಲ್ಲ. ಅರ್ಜಿ ಹಾಕಿದಳು, ಉತ್ತರ ಬರುವ ಮೊದಲೇ ತಾಯಿ ಹೋದರು. ಅನಸೂಯಳ ತಮ್ಮ ಒಳಗಿದ್ದ, ಅವನ ಗೆಳೆಯನೊಬ್ಬ ಸ್ಮಶಾನದ ಗೇಟಿನಿಂದ ವಿಡಿಯೊ ತೋರಿಸಿದ. ನೆಟ್‌ವರ್ಕ್ ನಿಂತು ನಿಂತು ಬರುತ್ತಿತ್ತು. ಕೊನೆಗೆ ಚಿತ್ರ ಒಂದೇ ಕಡೆ ಅಂಟಿಕೊಂಡಿತು. ಒಂದು ಗೋಡೆ, ಅದರ ಮೇಲೆ ಯಾರದೋ ನೆರಳು. ಅದನ್ನೇ ಹತ್ತು ನಿಮಿಷ ನೋಡಿದೆ ಎಂದಿದ್ದಳು.

ಆಮೇಲೆ ಸಿಡ್ನಿಯ ಉದ್ದದ ಲಾಕ್‌ಡೌನ್. ಅನಸೂಯ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ಒಂದು ಮಧ್ಯಾಹ್ನ ಶ್ರೀನಾಥ್ ತರಕಾರಿ ತರಲು ಹೋಗಿದ್ದಾಗ ನಾಲ್ಕು ವರ್ಷದ ಅಭಿ ಬಾಗಿಲು ತೆಗೆದು, ಲಿಫ್ಟಿನಲ್ಲಿ ಇಳಿದು, ರಸ್ತೆ ದಾಟಿ ಹೋಗಿಬಿಟ್ಟಳು. ಯಾರೋ ಪುಣ್ಯಾತ್ಮರು ಕರೆತಂದರು. ಅನಸೂಯ ಮಲಗಿದಲ್ಲೇ ಇದ್ದಳು. ಮಗು ಹೋದದ್ದೂ ಅವಳಿಗೆ ಗೊತ್ತಿಲ್ಲ, ಬಂದದ್ದೂ ಗೊತ್ತಿಲ್ಲ. ಡಿಸೆಂಬರಿನಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಅದೇ ಹೊತ್ತಿಗೆ ಶ್ರೀನಾಥನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು, ಅಲ್ಲಿ ಅವನ ಅಕ್ಕ ಇದ್ದಳು. ಮೂರು ತಿಂಗಳ ಮಟ್ಟಿಗೆ ಅಭಿಯನ್ನು ಕರೆದುಕೊಂಡು ಹೋಗುತ್ತೇನೆ, ನೀನು ಹುಷಾರಾಗು ಎಂದ. ಅವಳು ಆಸ್ಪತ್ರೆಯ ಮಂಚದ ಮೇಲೆಯೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು.

ಮೂರು ತಿಂಗಳಾದ ಮೇಲೆ ಸ್ಕೂಲಿನ ಇನ್ನೊಂದು ಟರ್ಮ್ ಇರಲಿ ಎಂದ. ಆಮೇಲೆ ಈ ವರ್ಷ ಮುಗಿಯಲಿ ಎಂದ. ಆಮೇಲೆ ವಕೀಲರ ಪತ್ರ ಬಂತು. ಅನಸೂಯ ಅಷ್ಟರಲ್ಲಿ ಗುಣವಾಗಿ ಕೆಲಸಕ್ಕೆ ಹೋಗುತ್ತಿದ್ದಳು, ನಮ್ಮ ಕಟ್ಟಡದ ಒಂದು ಸಣ್ಣ ಯುನಿಟ್ಟಿಗೆ ಬಂದಿದ್ದಳು. ಆದರೆ ಆ ಮಧ್ಯಾಹ್ನದ ಸಂಗತಿ ಕೋರ್ಟಿನ ಕಾಗದಗಳಲ್ಲಿ ಸೇರಿತ್ತು. ಮಗು ಈಗ ಒಂದು ಊರಿನಲ್ಲಿ ನೆಲೆಯಾಗಿದೆ, ಅಲ್ಲೇ ಇರಲಿ ಎಂದು 2023ರಲ್ಲಿ ಆರ್ಡರ್ ಆಯಿತು. ಬುಧವಾರ, ಭಾನುವಾರ ಸಂಜೆ ಆರರಿಂದ ಅರ್ಧ ಗಂಟೆ ವಿಡಿಯೊ ಕಾಲ್. ಪ್ರತಿ ಟರ್ಮ್ ರಜೆಯಲ್ಲಿ ಎರಡು ದಿನ ಅನಸೂಯ ಮೆಲ್ಬರ್ನ್‌ಗೆ ಹೋಗಿ, ಹಗಲು ಹೊತ್ತು ಮಗಳ ಜೊತೆ ಪಾರ್ಕಿನಲ್ಲೋ ಲೈಬ್ರರಿಯಲ್ಲೋ ಇರಬಹುದು. ಮುಂದೆ ನೋಡೋಣ ಎಂದರು.

ನೀನೇ ಮೆಲ್ಬರ್ನ್‌ಗೆ ಹೋಗಿ ಇರಬಾರದೇ ಎಂದು ನಾನೊಮ್ಮೆ ಕೇಳಿದೆ. ಅವಳು ಒಪ್ಪಲಿಲ್ಲ. ನಾನು ಅಲ್ಲಿಗೆ ಹೋದರೆ ಅಭಿ ಅಲ್ಲಿಯವಳೇ ಎಂದು ಒಪ್ಪಿಕೊಂಡ ಹಾಗೆ, ಅವಳು ಇಲ್ಲಿಗೆ ವಾಪಸ್ ಬರುತ್ತಾಳೆ, ಅವಳ ಮಂಚ ಇಲ್ಲಿದೆ ಎಂದಳು. ನಿಜಕ್ಕೂ ಇತ್ತು. ಒಂದೇ ಬೆಡ್‌ರೂಮಿನ ಮನೆಯಲ್ಲಿ ಬೆಡ್‌ರೂಮನ್ನು ಮಗಳಿಗೆ ಬಿಟ್ಟು ತಾನು ಹಾಲಿನಲ್ಲಿ ಮಲಗುತ್ತಿದ್ದಳು.

ಎರಡನೇ ವರ್ಷದ ವೇಷ ವಾಂಬ್ಯಾಟ್, ಬಿಲ ತೋಡಿ ಇರುವ ಇಲ್ಲಿನ ದುಂಡನೆಯ ಪ್ರಾಣಿ. ದಿಂಬಿನ ಎರಡು ಕಂದು ಕವರುಗಳನ್ನು ಸ್ಟೇಪ್ಲರ್ ಹೊಡೆದು ಸೇರಿಸಿ, ಹೊಟ್ಟೆಗೆ ಹತ್ತಿ ತುಂಬಿ, ಕಿವಿಗೆ ಹಳೆಯ ಸಾಕ್ಸ್ ಇಟ್ಟಿದ್ದಳು. ಹೊಲಿಗೆ ಬಾರದ ಕಾರಣ ಅವಳ ವೇಷಗಳಲ್ಲಿ ಸೂಜಿಯ ಕೆಲಸವೇ ಇರುತ್ತಿರಲಿಲ್ಲ. ಸ್ಟೇಪ್ಲರ್, ಬಿಸಿ ಅಂಟಿನ ಗನ್, ಪಿನ್ನು, ಎರಡು ಕಡೆ ಅಂಟುವ ಟೇಪು. ಯಾರು ಬೇಕಾದರೂ ಮಾಡಬಹುದಾದ ಕೆಲಸ. ಲೀಶಾಳಿಗೆ ವಾಂಬ್ಯಾಟ್ ಚೆನ್ನಾಗಿಯೇ ಕೂತಿತು. ಮೆಲ್ಬರ್ನ್‌ಗೆ ಕಳಿಸಿದಳು. ಪರೇಡಿನ ಸಂಜೆ ಶ್ರೀನಾಥ್ ಒಂದು ಫೋಟೊ ಕಳಿಸಿದ. ಅದರಲ್ಲಿ ಅಭಿ ಅಂಗಡಿಯ ನೀಲಿ ಗೌನಿನಲ್ಲಿ ನಿಂತಿದ್ದಳು. ಕೆಳಗೆ ಒಂದೇ ಸಾಲು: ತಲೆ ತೂರಲಿಲ್ಲ, ಸಾರಿ.

ಅನಸೂಯ ಆ ಫೋಟೊ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಲೀಶಾಳನ್ನು ಹತ್ತಿರ ಕರೆದು ಅವಳ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ನೋಡಿದಳು.

“ನನ್ನ ಮಗಳ ತಲಿ ಎಷ್ಟು ದೊಡ್ಡದದ ಅಂತ ನನಗ ಗೊತ್ತಿಲ್ಲ, ವೆರೋನಿಕಾ,” ಎಂದಳು.

ಅಲ್ಲಿಂದ ಅಳತೆಯೇ ಅವಳ ಹುಚ್ಚಾಯಿತು. ಒಂದು ರಿಬ್ಬನ್ನಿಗೆ ಇಂಚು ಇಂಚಿಗೂ ಬಣ್ಣ ಹಚ್ಚಿ ಅಭಿಗೆ ಕಳಿಸಿದಳು. ವಿಡಿಯೊ ಕಾಲ್ ಶುರುವಾದ ಕೂಡಲೇ ರಿಬ್ಬನ್ ತಾ, ಹಣೆಗೆ ಸುತ್ತು, ಯಾವ ಬಣ್ಣ ಬಂತು ಹೇಳು; ಭುಜಕ್ಕೆ ಹಿಡಿ; ಸೊಂಟಕ್ಕೆ ಹಿಡಿ. ಮೊದಮೊದಲು ಅಭಿಗೆ ಆಟವಾಗಿತ್ತು. ಆಮೇಲೆ ಬೇಸರವಾಯಿತು. ರಿಬ್ಬನ್ ಕಳೆದುಹೋಗಿದೆ ಎಂದಳು. ಅನಸೂಯ ಇನ್ನೊಂದು ಕಳಿಸಿದಳು. ಅದೂ ಕಳೆಯಿತು. ಸ್ಕ್ರೀನಿನಲ್ಲಿ ಅಭಿಯ ಹಿಂದೆ ಕಾಣುವ ಬಾಗಿಲಿನ ಹಿಡಿ, ಕುರ್ಚಿಯ ಬೆನ್ನು ಇವುಗಳ ಲೆಕ್ಕದಲ್ಲಿ ಮಗಳು ಎಷ್ಟು ಬೆಳೆದಿದ್ದಾಳೆಂದು ಅನಸೂಯ ಅಂದಾಜು ಮಾಡುತ್ತಿದ್ದಳು. ಒಂದು ದಿನ ಶ್ರೀನಾಥನಿಂದ ಇಮೇಲ್ ಬಂತು. ಕಾಲ್‌ಗಳಲ್ಲಿ ಅಳತೆ ತೆಗೆಯುವುದನ್ನು ದಯವಿಟ್ಟು ನಿಲ್ಲಿಸು, ಬುಧವಾರ ಬಂತೆಂದರೆ ಅವಳು ಹೊಟ್ಟೆನೋವು ಅನ್ನುತ್ತಾಳೆ ಎಂದು ಬರೆದಿದ್ದ.

ಅವಳು ನಿಲ್ಲಿಸಿದಳು. ಈ ನಡುವೆ ನಮ್ಮ ಕಟ್ಟಡದ ತಾಯಂದಿರಿಗೆಲ್ಲ ಅವಳ ಕೈಕೆಲಸ ಗೊತ್ತಾಗಿತ್ತು. ಬೆಳಗಾವಿಯ ನೀಲಕ್ಕ ಆಂಟಿಯ ಮೊಮ್ಮಗಳಿಗೆ ಆಮೆ, ಎದುರು ಮನೆಯ ಚೈನೀಸ್ ಹುಡುಗಿಗೆ ಪೋಸ್ಟ್ ಡಬ್ಬಿ, ಇನ್ನೊಬ್ಬರಿಗೆ ಕಿತ್ತಳೆ ಹಣ್ಣು. ಎಲ್ಲರಿಗೂ ಕರಾರುವಾಕ್ಕಾಗಿ ಹೊಂದುತ್ತಿದ್ದವು. ಹೊಂದಿದಷ್ಟೂ ಅನಸೂಯ ಬಡಕಲಾಗುತ್ತಿದ್ದಳು.

2024. ಅಭಿ ಈಗ ಎರಡನೇ ಕ್ಲಾಸು. ಸ್ಕೂಲಿನಲ್ಲಿ ಎಲ್ಲರೂ ಅವಳನ್ನು ಆ್ಯಬಿ ಎನ್ನುತ್ತಿದ್ದರು. ಜುಲೈ ರಜೆಯ ಭೇಟಿ ಅಭಿಗೆ ಜ್ವರ ಬಂದು ರದ್ದಾಗಿತ್ತು. ಅನಸೂಯ ಅವಳನ್ನು ಏಪ್ರಿಲ್‌ನಿಂದ ಮುಟ್ಟಿರಲಿಲ್ಲ. ಒಂದು ಭಾನುವಾರ ಅಭಿ ತಾನಾಗಿಯೇ, ಈ ಸಲ ಕ್ಯಾಸೋವರಿ ಆಗುತ್ತೇನೆ, ಮಾಡಿ ಕಳಿಸುತ್ತೀಯಾ ಎಂದು ಕೇಳಿದಳು. ಅವರ ಕ್ಲಾಸಿನಲ್ಲಿ ಆ ಹಕ್ಕಿಯ ಒಂದು ಚಿತ್ರಪುಸ್ತಕ ಓದಿಸಿದ್ದರಂತೆ. ಕ್ಯಾಸೋವರಿ ಕ್ವೀನ್ಸ್‌ಲ್ಯಾಂಡಿನ ಉತ್ತರದ ಕಾಡಿನಲ್ಲಿರುವ, ಹಾರಲಾಗದ ದೊಡ್ಡ ಹಕ್ಕಿ. ಕಪ್ಪು ಗರಿ, ನೀಲಿ ಕತ್ತು, ಕತ್ತಿನಿಂದ ಜೋತುಬಿದ್ದ ಎರಡು ಕೆಂಪು ತೊಗಲಿನ ತುಂಡು, ತಲೆಯ ಮೇಲೆ ಹೆಲ್ಮೆಟ್ಟಿನಂಥ ಕೊಂಬು.

ಅನಸೂಯ ಸಂತೋಷದ ಭರದಲ್ಲಿ, ಅಮ್ಮ ಕ್ಯಾಸೋವರಿಯೋ ಮರಿ ಕ್ಯಾಸೋವರಿಯೋ ಎಂದು ಕೇಳಿದಳು. ಅಭಿ ಇಂಗ್ಲಿಷಿನಲ್ಲಿ, ಟೀಚರ್ ಹೇಳಿಕೊಟ್ಟದ್ದನ್ನು ಒಪ್ಪಿಸುವ ಹಾಗೆ ಹೇಳಿದಳು: “ಅಪ್ಪ ಕ್ಯಾಸೋವರಿ. ಮೊಟ್ಟೆಗೆ ಕಾವು ಕೊಡೋದು, ಮರಿ ಸಾಕೋದು ಎಲ್ಲ ಅಪ್ಪಾನೇ. ಅಮ್ಮ ಮೊಟ್ಟೆ ಇಟ್ಟು ಹೊರಟುಹೋಗುತ್ತೆ.”

ಅವಳು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಹಕ್ಕಿಯ ಸಂಗತಿ ಇರುವುದೇ ಹಾಗೆ. ಅನಸೂಯ ನಗುಮುಖ ಇಟ್ಟುಕೊಂಡೇ ಕಾಲ್ ಮುಗಿಸಿದಳಂತೆ. ನಮ್ಮ ಮನೆಗೆ ಬಂದು ಇದನ್ನು ಹೇಳುವಾಗಲೂ ಆ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯುವುದು ಮರೆತುಹೋದ ಹಾಗೆ.

ಆ ವೇಷಕ್ಕೆ ಅವಳು ಮೂರು ವಾರ ಕೂತಳು. ಸುಲಭದ ದಾರಿ ಹಿಡಿಯಲಿಲ್ಲ. ಕಪ್ಪು ಬಟ್ಟೆಯಲ್ಲಿ ನಾನೂರು ಗರಿ ಕತ್ತರಿಸಿ ಒಂದೊಂದಾಗಿ ಅಂಟಿಸಿದಳು. ಕೈಬೆರಳು ಅಂಟಿನ ಬಿಸಿಗೆ ಸುಟ್ಟು ಬೊಬ್ಬೆ ಬಂದಿತ್ತು. ತಲೆಯ ಸುತ್ತಳತೆ ಗೊತ್ತಿಲ್ಲದ ಕಾರಣ ಹಿಂಭಾಗಕ್ಕೆ ಎಲಾಸ್ಟಿಕ್ ಹಾಕಿದಳು. ಸಣ್ಣದಾದರೂ ಹಿಡಿಯುತ್ತದೆ, ದೊಡ್ಡದಾದರೂ ಹಿಡಿಯುತ್ತದೆ. ಪರೇಡಿಗೆ ತಾನೂ ಬಂದು ನೋಡಬಹುದೇ ಎಂದು ಶ್ರೀನಾಥನನ್ನು ಕೇಳಿದಳು. ಅಭಿ ಕನ್ಫ್ಯೂಸ್ ಆಗುತ್ತಾಳೆ, ಬೇಡ ಎಂದ. ಹತ್ತು ದಿನ ಮುಂಚಿತವಾಗಿ ಪಾರ್ಸೆಲ್ ಕಳಿಸಿದಳು. ತಲುಪಿದೆ ಎಂದು ಫೋನಿಗೆ ಮೆಸೇಜೂ ಬಂತು. ಹಾಕಿ ನೋಡಿದೆಯಾ ಎಂದು ಕೇಳಿದರೆ ಮತ್ತೆ ಅಳತೆಯ ಮಾತಾದೀತೆಂದು ಕಾಲ್‌ಗಳಲ್ಲಿ ಅದರ ಸುದ್ದಿ ಎತ್ತಲಿಲ್ಲ.

ಪರೇಡಿಗೆ ಒಂದು ದಿನ ಮೊದಲು, ಬುಧವಾರ, ನಾನು ಲೀಶಾಳನ್ನು ಕರೆದುಕೊಂಡು ಅವಳ ಮನೆಗೆ ಹೋಗಿದ್ದೆ. ಲೀಶಾಳ ವೇಷಕ್ಕೆ ಏನೋ ಅಂಟಿಸುವುದಿತ್ತು. ಆರು ಗಂಟೆಗೆ ಕಾಲ್ ಬಂತು. ನಾವು ಹೊರಡಲು ಎದ್ದೆವು, ಕೂತ್ಕೋ ಎಂದು ಅನಸೂಯ ಕೈ ಮಾಡಿದಳು. ಸ್ಕ್ರೀನಿನಲ್ಲಿ ಅಭಿ ಅಳುತ್ತಿದ್ದಳು. ಕ್ಯಾಸೋವರಿ ಎಲ್ಲಿ, ನೀನು ಕಳಿಸಲೇ ಇಲ್ಲ, ನಾಳೆ ಪರೇಡ್, ಎಲ್ಲರಿಗೂ ಹೇಳಿಬಿಟ್ಟಿದ್ದೇನೆ ಎನ್ನುತ್ತಿದ್ದಳು. ಅನಸೂಯ ಗಾಬರಿಯಾಗಿ, ಕಳಿಸಿದ್ದೇನೆ ಪುಟ್ಟಾ, ನಿಮ್ಮ ಮನೆಗೆ ಬಂದಿದೆ ಎಂದು ಪಾರ್ಸೆಲಿನ ಮೆಸೇಜ್ ಹುಡುಕಿ ವಿಳಾಸ ಓದಿದಳು.

ಅಭಿ ಅಳು ನಿಲ್ಲಿಸಿದಳು. “ಅದು ಹಳೇ ಮನೆ,” ಎಂದಳು.

ಎರಡು ತಿಂಗಳ ಹಿಂದೆ ಮನೆ ಬದಲಾಯಿಸಿದ್ದರು. ಬೇರೆ ಸಬರ್ಬು. ಶ್ರೀನಾಥ್ ಹೇಳಿರಲಿಲ್ಲ. ಹೇಳಬೇಕೆಂದು ಆರ್ಡರಿನಲ್ಲಿ ಇತ್ತು. ಅನಸೂಯ ಬಾಗಿಲ ಹಿಡಿ, ಕುರ್ಚಿ ಎಂದು ಲೆಕ್ಕ ಹಾಕುತ್ತ ಕೂತಿದ್ದ ಕೋಣೆಯೇ ಬೇರೆಯಾಗಿತ್ತು, ಅದೇ ಮನೆಯ ಇನ್ನೊಂದು ಕೋಣೆ ಎಂದು ಅವಳು ತಿಳಿದಿದ್ದಳು. ನಾನು ಅವಳ ಮುಖ ನೋಡಿದೆ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಈಗ ಇವಳು ಕೂಗುತ್ತಾಳೆ, ಆ ಮಗು ಇದನ್ನೂ ನೋಡಬೇಕಾಗುತ್ತದೆ ಎಂದುಕೊಂಡೆ.

ಆಗ ಸ್ಕ್ರೀನಿನಲ್ಲಿ ಶ್ರೀನಾಥ್ ಕಾಣಿಸಿಕೊಂಡ. ಎರಡು ವರ್ಷದಲ್ಲಿ ಒಮ್ಮೆಯೂ ಅವನು ಕಾಲ್‌ನಲ್ಲಿ ಮುಖ ತೋರಿಸಿರಲಿಲ್ಲವಂತೆ. ಆಫೀಸಿನ ಶರ್ಟಿನಲ್ಲೇ ಇದ್ದ, ಕಣ್ಣ ಕೆಳಗೆ ಕಪ್ಪು. ವಿಳಾಸದ ವಿಷಯ ಏನೋ ಹೇಳಲು ಬಾಯಿ ತೆಗೆದ. ಅನಸೂಯ ಅವನನ್ನು ಮಾತಾಡಲು ಬಿಡಲಿಲ್ಲ.

“ಮನ್ಯಾಗ ಕಸದ ಚೀಲ ಅದಾವೇನು? ಕರಿಯವು?” ಎಂದು ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಕೇಳಿದಳು. ಇದ್ದವು. ನೀಲಿ ಟವೆಲ್? ಇತ್ತು. ಮೊಟ್ಟೆಯ ರಟ್ಟಿನ ಟ್ರೇ? ಅದರಲ್ಲಿ ಇನ್ನೂ ಐದು ಮೊಟ್ಟೆ ಇದ್ದವು, ಬಟ್ಟಲಿಗೆ ತೆಗೆದಿಟ್ಟ. ಕೆಂಪು ಸಾಕ್ಸ್ ಅಭಿಯೇ ಓಡಿಹೋಗಿ ತಂದಳು. ಅನಸೂಯ ನನ್ನ ಕಡೆ ತಿರುಗಿ ಲೀಶಾ ಬೇಕೆಂದು ಕೇಳಿದಳು, ಬಾಯಿಂದಲ್ಲ, ಕಣ್ಣಿಂದ. ನಾನು ಲೀಶಾಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದೆ.

ಹೀಗೆ ಪ್ಯಾರಮಟ್ಟಾದಲ್ಲಿ ಒಂದು ಕ್ಯಾಸೋವರಿ, ಮೆಲ್ಬರ್ನ್‌ನ ಹೆಸರು ಗೊತ್ತಿಲ್ಲದ ಸಬರ್ಬಿನಲ್ಲಿ ಒಂದು ಕ್ಯಾಸೋವರಿ ಒಟ್ಟಿಗೆ ತಯಾರಾದವು. ಅನಸೂಯ ಒಂದು ಚೀಲದ ತಳದಲ್ಲಿ ತಲೆಗೆ, ಕೈಗಳಿಗೆ ತೂತು ಮಾಡಿ ಲೀಶಾಳಿಗೆ ಹಾಕಿದಳು. ಅವನು ಅಲ್ಲಿ ಹಾಗೇ ಮಾಡಿದ. ಉಳಿದ ಚೀಲಗಳನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಸೀಳಿ, ಮೇಲಿನ ತುದಿಯನ್ನು ಮಾತ್ರ ಟೇಪಿನಿಂದ ಸಾಲು ಸಾಲಾಗಿ ಅಂಟಿಸಬೇಕು, ಕೆಳಗಿನ ಸಾಲಿನಿಂದ ಶುರು ಮಾಡಬೇಕು, ಇಲ್ಲದಿದ್ದರೆ ಗರಿ ಗರಿಯ ಹಾಗೆ ಬೀಳುವುದಿಲ್ಲ ಎಂದು ತೋರಿಸಿದಳು. ಅವನು ಮೇಲಿನಿಂದ ಶುರು ಮಾಡಿ ಎಲ್ಲ ಕಿತ್ತು ಮತ್ತೆ ಅಂಟಿಸಿದ. ಟವೆಲ್ಲನ್ನು ಕತ್ತಿಗೆ ಸುತ್ತಿ ಪಿನ್ ಹಾಕಿ, ಮುಂದೆ ಎರಡು ಸಾಕ್ಸ್ ಜೋತುಬಿಡಿಸಿದರು. ಮೊಟ್ಟೆಯ ಟ್ರೇಯನ್ನು ಮಡಚಿ ಹೇರ್‌ಬ್ಯಾಂಡಿಗೆ ಕಟ್ಟಿದರೆ ಕೊಂಬು. ಅರ್ಧ ಗಂಟೆ ಎಂದೋ ಮುಗಿದಿತ್ತು. ಯಾರೂ ಗಡಿಯಾರದ ಮಾತೆತ್ತಲಿಲ್ಲ.

ಹೇರ್‌ಬ್ಯಾಂಡ್ ನಿಲ್ಲದೆ ಜಾರುತ್ತಿತ್ತು. ಅನಸೂಯ, ತಲೆಯ ಸುತ್ತ ಅಳತೆಯ ಟೇಪ್ ಹಿಡಿದು ನೋಡು, ಎಷ್ಟಿದೆ ಎಂದಳು. ಅವನು ಅಳೆದು, ಐವತ್ತಮೂರು ಸೆಂಟಿಮೀಟರ್ ಎಂದ. ಆಮೇಲೆ ಅವಳು ಕೇಳದೆಯೇ ಕತ್ತು ಅಳೆದು ಹೇಳಿದ, ಭುಜ ಅಳೆದು ಹೇಳಿದ, ಅಭಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಹೇಳಿದ. ಅನಸೂಯ ಕೈಗೆ ಸಿಕ್ಕ ಕರೆಂಟ್ ಬಿಲ್ಲಿನ ಹಿಂದೆ ಒಂದೊಂದನ್ನೂ ಬರೆದುಕೊಂಡಳು. ಅಭಿ ಕನ್ನಡಿಯ ಮುಂದೆ ಹೋಗಿ ಬಂದು, ರೆಕ್ಕೆ ಬಡಿದು, ಹಕ್ಕಿಯ ಹಾಗೆ ಗಂಟಲಿನಲ್ಲಿ ಗುಡುಗಿದಳು. ಅಪ್ಪನನ್ನು ಒದೆಯಲು ಹೋದಳು, ಕ್ಯಾಸೋವರಿ ಒದೆಯುತ್ತದೆ. ಬೈ ಅಮ್ಮಾ ಎಂದು ಓಡಿಹೋದಳು. ಸ್ಕ್ರೀನ್ ಕಪ್ಪಾಯಿತು.

ಇತ್ತ ಲೀಶಾ ಇನ್ನೂ ಕಪ್ಪು ಗರಿಗಳಲ್ಲಿ ನಿಂತಿದ್ದಳು. ಅನಸೂಯ ಅವಳ ಕತ್ತಿನ ಪಿನ್ ಬಿಚ್ಚಲು ಹೋದವಳು ಅರ್ಧಕ್ಕೇ ಕೈ ತೆಗೆದಳು.

“ಇಕಿನ್ನ ಕರ್ಕೊಂಡು ಹೋಗು, ವೆರೋನಿಕಾ. ನನಗ ನೋಡ್ಲಿಕ್ಕೆ ಆಗೂದಿಲ್ಲ.”

ವೇಷದ ಸಮೇತ ಮಗಳನ್ನು ಎತ್ತಿಕೊಂಡು ಮನೆಗೆ ಬಂದೆ. ಮರುದಿನ ಪರೇಡಿನ ಫೋಟೊ ಬಂದಿರಬಹುದೆಂದು ಅವಳ ಬಾಗಿಲು ತಟ್ಟಿದೆ, ತೆಗೆಯಲಿಲ್ಲ. ಫೋನ್ ಎತ್ತಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಮೋರಿಸ್‌ನನ್ನು ಜೊತೆಗೆ ಕರೆದುಕೊಂಡು ಕೆಳಗೆ ಹೋಗಿ, ಬಿಲ್ಡಿಂಗ್ ಮ್ಯಾನೇಜರ್ ಕೈಯಲ್ಲಿ ಬಾಗಿಲು ತೆಗೆಸಿದೆ. ಅವಳು ಮಗಳಿಗೆಂದು ಇಟ್ಟಿದ್ದ ಆ ಮಂಚದ ಮೇಲೆ ಬುಧವಾರದ ಬಟ್ಟೆಯಲ್ಲೇ ಮಲಗಿದ್ದಳು. ಎಚ್ಚರವಿದ್ದಳು. ತುಟಿ ಒಡೆದಿತ್ತು. ನಾನು ಎಬ್ಬಿಸಿ ಕೂರಿಸಿ ನೀರು ಕುಡಿಸಿದೆ. ಮೂರು ದಿನದಿಂದ ಮಾತ್ರೆ ತಗೊಂಡಿಲ್ಲ ಎಂದಳು. ಅವಳ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಅವರು ಹೇಳಿದ ಹಾಗೆ ಆಸ್ಪತ್ರೆಗೂ ನಾನೇ ಕರೆದುಕೊಂಡು ಹೋದೆ. ಹೋಗುವ ಬಸ್ಸಿನಲ್ಲಿ ಅವಳು ಒಂದೇ ಒಂದು ಮಾತು ಆಡಿದಳು. ಇದೂ ಕೋರ್ಟಿನ ಕಾಗದಕ್ಕೆ ಹೋಗುತ್ತದೆ ಎಂದಳು.

ಹನ್ನೊಂದು ದಿನ ಅಲ್ಲಿದ್ದಳು. ಎರಡನೇ ವಾರ ನಾನು ನೋಡಲು ಹೋದಾಗ ಕಿಟಕಿಯ ಪಕ್ಕ ಕೂತು ಜೆಲ್ಲಿ ತಿನ್ನುತ್ತಿದ್ದಳು. ಅವಳ ವಕೀಲೆ ಫೋನ್ ಮಾಡಿದ್ದಳಂತೆ. ವಿಳಾಸ ಮುಚ್ಚಿಟ್ಟದ್ದು ದೊಡ್ಡ ತಪ್ಪು, ಇದನ್ನು ಹಿಡಿದು ಕೇಸ್ ಮತ್ತೆ ತೆರೆಯೋಣ, ಒಳ್ಳೆಯ ಅವಕಾಶ ಎಂದಳಂತೆ. ಏನು ಹೇಳಿದೆ ಎಂದು ಕೇಳಿದೆ. ಅನಸೂಯ ಚಮಚವನ್ನು ಬಟ್ಟಲಿನಲ್ಲಿ ಇಟ್ಟಳು.

“ಅಭಿ ವಾಪಸ್ ಬರೂದಿಲ್ಲ, ವೆರೋನಿಕಾ. ಆವತ್ತು ನೋಡಿದೆ. ಅಕಿಗೆ ಈಗ ಅದ ತನ್ನ ಮನಿ. ಜಜ್ ನಾನೇ ಆಗಿದ್ರೂ ಅಕಿನ್ನ ಕಳಸ್ತಿರಲಿಲ್ಲ.”

ಅಳಲಿಲ್ಲ. ನನಗೇ ಅಳು ಬಂತು. ಅವಳ ಎದುರು ಅಳಬಾರದೆಂದು ಹೊರಗೆ ಕಾರಿಡಾರಿಗೆ ಹೋಗಿ ನಿಂತೆ.

ಕೇಸ್ ತೆರೆಯಲಿಲ್ಲ. ಶ್ರೀನಾಥನಿಗೆ ಒಂದು ಸಾಲಿನ ಇಮೇಲ್ ಬರೆದು ವಿಳಾಸ ಕೇಳಿದಳು. ಅವನು ವಿಳಾಸ ಮಾತ್ರ ಬರೆದು ಕಳಿಸಿದ, ಕ್ಷಮೆ ಗಿಮೆ ಏನೂ ಇರಲಿಲ್ಲ. ಅವಳು ಆಸ್ಪತ್ರೆ ಸೇರಿದ್ದನ್ನು ತಾನೇ ಅವನಿಗೆ ತಿಳಿಸಿದಳು. ಅವನು ಅದನ್ನು ಯಾವ ಕಾಗದಕ್ಕೂ ಹಾಕಲಿಲ್ಲ. ಅಷ್ಟು ಮಟ್ಟಿಗೆ ಅವನನ್ನು ನಾನು ಮೆಚ್ಚುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

2025ರ ಫೆಬ್ರವರಿಯಲ್ಲಿ ಅನಸೂಯ ಮ್ಯಾಕ್ವೆರಿ ಪಾರ್ಕಿನ ಕೆಲಸ ಬಿಟ್ಟು ಮೆಲ್ಬರ್ನ್‌ಗೆ ಹೋದಳು. ಅಲ್ಲಿ ಅದಕ್ಕಿಂತ ಕೆಳಗಿನ ಕೆಲಸ, ಆರು ತಿಂಗಳ ಕಾಂಟ್ರಾಕ್ಟು. ಪಶ್ಚಿಮದ ಕಡೆ, ಅಭಿಯ ಸ್ಕೂಲಿನಿಂದ ಹತ್ತು ನಿಮಿಷದ ದಾರಿಯಲ್ಲಿ, ಧಾರವಾಡದ ಶಾಂತವೀರಪ್ಪ ಎಂಬುವರ ಮನೆಯ ಹಿಂದಿನ ಗ್ರ್ಯಾನಿ ಫ್ಲ್ಯಾಟ್, ಅಂದರೆ ಹಿತ್ತಲಿನ ಸಣ್ಣ ಮನೆ, ಬಾಡಿಗೆಗೆ ಸಿಕ್ಕಿತು. ಹೋಗುವ ಹಿಂದಿನ ದಿನ ಆ ಮಂಚವನ್ನು ಕಟ್ಟಡದ ಎದುರು ಫುಟ್‌ಪಾತಿನಲ್ಲಿ ಇಟ್ಟೆವು. ಒಂದು ಗಂಟೆಯಲ್ಲಿ ಯಾರೋ ತೆಗೆದುಕೊಂಡು ಹೋದರು.

ಹತ್ತಿರ ಹೋದ ಮೇಲೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಮೊದಲ ತಿಂಗಳುಗಳು ಇಲ್ಲಿಗಿಂತ ಕಠಿಣವಾಗಿದ್ದವು. ಮಧ್ಯಸ್ಥಿಕೆಯವರ ಮೂಲಕ ಪ್ರತಿ ಶನಿವಾರ ಸಂಜೆ ಐದರವರೆಗೆ ಎಂದಾಯಿತು. ಅಭಿ ಬರುತ್ತಿದ್ದಳು, ಸೋಫಾದಲ್ಲಿ ಶೂಸ್ ಹಾಕಿಕೊಂಡೇ ಕೂರುತ್ತಿದ್ದಳು, ಐದು ಗಂಟೆ ಯಾವಾಗ ಆಗುತ್ತದೆ ಎಂದು ಕೇಳುತ್ತಿದ್ದಳು. ಸ್ಕ್ರೀನಿನ ಅಮ್ಮನೇ ಅವಳಿಗೆ ಅಭ್ಯಾಸವಾಗಿದ್ದಳು. ಎದುರಿಗಿದ್ದ ಈ ಅಮ್ಮನನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅನಸೂಯ ಪ್ರತಿ ಶನಿವಾರ ರಾಜಕುಮಾರಿಯೊಬ್ಬಳು ಬಂದ ಹಾಗೆ ನಡೆದುಕೊಳ್ಳುತ್ತಿದ್ದಳು. ಏನು ಬೇಕು, ಏನು ಮಾಡಲಿ, ಬೇಜಾರಾಯಿತಾ. ಐದು ಗಂಟೆಗೆ ಅವಳನ್ನು ಬಿಟ್ಟುಬಂದು ನನಗೆ ಫೋನ್ ಮಾಡುತ್ತಿದ್ದಳು. ಕೆಲವು ಸಲ ನಾನು ಫೋನನ್ನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯುತ್ತಿದ್ದೆ, ಅವಳು ಆ ಕಡೆ ಕೂತಿರುತ್ತಿದ್ದಳು.

ಆಗಸ್ಟ್ ಬಂತು. ಈ ಸಲ ಪರೇಡಿಗೆ ಬರಬಹುದು ಎಂದು ಶ್ರೀನಾಥ್ ಒಪ್ಪಿದ್ದ. ಅನಸೂಯ ಎರಡು ತಿಂಗಳ ಮೊದಲೇ ಫೆಲ್ಟು ಬಟ್ಟೆ, ರಟ್ಟು, ಬಣ್ಣ ತಂದಿಟ್ಟಿದ್ದಳು. ಯಾವ ಪಾತ್ರ ಆಗುತ್ತೀ ಎಂದು ಅಭಿಯನ್ನು ಕೇಳಿದಳು. ಅಭಿ ಭುಜ ಹಾರಿಸಿದಳು. ಮೂರನೇ ಕ್ಲಾಸಿನಲ್ಲಿ ಯಾರೂ ದೊಡ್ಡ ವೇಷ ಹಾಕುವುದಿಲ್ಲ, ಅದೆಲ್ಲ ಚಿಕ್ಕ ಮಕ್ಕಳದು, ನಾನು ಜೀನ್ಸ್ ಹಾಕಿಕೊಂಡು ಕೈಯಲ್ಲಿ ಟಾರ್ಚ್ ಹಿಡಿದರೆ ಸಾಕು, ಪತ್ತೇದಾರಿ ಹುಡುಗಿ ಆಗುತ್ತೇನೆ ಎಂದಳು. ಟಾರ್ಚ್ ಅಪ್ಪನ ಹತ್ತಿರ ಇದೆ ಎಂದಳು.

ಅಳತೆಗಳೆಲ್ಲ ಬಾಯಿಪಾಠವಾಗಿದ್ದವು ಅನಸೂಯಳಿಗೆ. ಈಗ ಅವು ಯಾವುವೂ ಬೇಕಾಗಲಿಲ್ಲ. ಪರೇಡಿನ ಬೆಳಿಗ್ಗೆ ಅಂಗಳದ ಬೇಲಿಗೆ ಒರಗಿ ನಿಂತು, ಮುನ್ನೂರು ಮಕ್ಕಳ ನಡುವೆ ಜೀನ್ಸಿನ ಒಂದು ಹುಡುಗಿ ಹೋಗುವುದನ್ನು ನೋಡಿದಳು. ಅಭಿ ಒಮ್ಮೆ ಅವಳ ಕಡೆ ನೋಡಿ ಟಾರ್ಚ್ ಹಾಕಿದಳಂತೆ. ತನಗೇ ಹಾಕಿದಳೋ ಸುಮ್ಮನೆ ಹಾಕಿದಳೋ ಗೊತ್ತಾಗಲಿಲ್ಲ ಎಂದಳು. ಆ ಫೆಲ್ಟು, ರಟ್ಟು ಎಲ್ಲ ಶಾಂತವೀರಪ್ಪನವರ ಮೊಮ್ಮಕ್ಕಳಿಗೆ ಕೊಟ್ಟುಬಿಟ್ಟಳು.

ಸೆಪ್ಟೆಂಬರ್ ರಜೆಯಲ್ಲಿ ನಾನೂ ಲೀಶಾಳೂ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದೆವು. ಶನಿವಾರ ಅಭಿ ಬಂದಳು. ಲೀಶಾಗಿಂತ ಅರ್ಧ ಗೇಣು ಎತ್ತರ. ಹುಡುಗಿಯರಿಬ್ಬರೂ ಹೊರಗೆ ಆಡಿದರು, ಜಗಳವಾಡಿದರು. ಮಧ್ಯಾಹ್ನ ಅಭಿ ಒಳಗೆ ಬಂದವಳು ಯಾರನ್ನೂ ಕೇಳದೆ ಫ್ರಿಜ್ ತೆಗೆದು, ಹಾಲಿನ ಬಾಟಲಿಯನ್ನೇ ಬಾಯಿಗೆ ಹಚ್ಚಿ ಗಟಗಟ ಕುಡಿದಳು. ಕೆಸರಿನ ಶೂಸಿನಿಂದ ನೆಲವೆಲ್ಲ ಹೊಲಸಾಗಿತ್ತು.

“ಅಭೀ, ಎಂಜಲು ಮಾಡ್ತೀಯೇನ? ಲೋಟ ಇಲ್ಲೇನು? ಆ ಶೂಸ್ ಬಿಚ್ಚು ಮೊದಲ!”

ಅನಸೂಯ ಬೈದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಭಿ ಬಾಟಲಿಯನ್ನು ದಡ್ಡೆಂದು ಇಟ್ಟು, ಇಂಗ್ಲಿಷಿನಲ್ಲಿ ಏನೋ ಒದರಿ, ಒಳಗಿನ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡಳು. ಅನಸೂಯ ನನ್ನ ಕಡೆ ವಾಲಿದಳು. ಅಕಿ ಕೈಯಾಗ ಫೋನ್ ಅದ, ಈಗ ಅಪ್ಪಗ ಫೋನ್ ಮಾಡಿ ಬಾ ಅಂತಾಳ, ಮತ್ತ ಬರೂದಿಲ್ಲ ಅಂತಾಳ ಎಂದು ಪಿಸುಗುಟ್ಟಿದಳು. ಹೋಗಿ ಕ್ಷಮೆ ಕೇಳುತ್ತೇನೆ ಎಂದು ಎದ್ದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಇಬ್ಬರೂ ಆ ಬಾಗಿಲನ್ನೇ ನೋಡುತ್ತ ಕೂತೆವು. ಅರ್ಧ ಗಂಟೆ ಕಳೆದಿರಬೇಕು.

ಬಾಗಿಲು ತೆರೆಯಿತು. ಅಭಿ ಶೂಸನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಹೊರಗಿನ ಮೆಟ್ಟಿಲ ಮೇಲೆ ಎಸೆದಳು. ಯಾರ ಮುಖವನ್ನೂ ನೋಡದೆ, ಇವತ್ತು ಊಟಕ್ಕೆ ಏನು ಎಂದು ಕೇಳಿದಳು.

ಅನಸೂಯ ಎದ್ದು ಒಲೆಯ ಹತ್ತಿರ ಹೋದಳು. ಒಂದು ಪಾತ್ರೆಯ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ, ಸಾರು ಅನ್ನ ಎಂದಳು.